ಎಂಟು ಫ್ಯೂಸಿಗೆ ಬೊಟ್ಟು

ಟಕ್ ಎಂದು ಸಣ್ಣ ಸದ್ದಾಯಿತು. ವ್ಯಾನಿನ ಒಳಗೆ ಉರಿಯುತ್ತಿದ್ದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು.

"ಫಿರ್ ಗಯಾ," ಎಂದರು ಇದ್ರಿಸ್ ಮಿಸ್ತ್ರಿ. ಮತ್ತೆ ಹೋಯಿತು.

ಅವರು ಸಿಂಕಿನ ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿ ಮಲಗಿದ್ದರು. ಹೊರಗಿನಿಂದ ನೋಡಿದರೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಂದು ಕೈ ಈಚೆ ಬಂತು. ಬೆರಳುಗಳ ನಡುವೆ ಕೆಂಪು ಬಣ್ಣದ ಪುಟ್ಟ ಫ್ಯೂಸ್ ಇತ್ತು. ಅದರ ಹೊಟ್ಟೆಯೊಳಗಿನ ತಂತಿ ಕರಗಿ ಕಪ್ಪಾಗಿತ್ತು. ಬೆಳಗಿನಿಂದ ಇದು ನಾಲ್ಕನೆಯದು.

ಪೂರ್ವಿ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು. ಟಾರ್ಚಿನ ಬೆಳಕು ಕಪಾಟಿನಿಂದ ಈಚೆಗೆ ಜಾರಿತು.

"ಕೈ ನೋಯುತ್ತಿದೆಯಾ ಬೇಟಿ?" ಎಂದು ಮಿಸ್ತ್ರಿ ಹಿಂದಿಯಲ್ಲಿ ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಪಾಟಿನೊಳಗಿದ್ದ ಅವರಿಗೆ ಅದು ಕಾಣಲಿಲ್ಲ.

ಆ ವ್ಯಾನು ಜಪಾನಿನಿಂದ ಹಡಗಿನಲ್ಲಿ ಬಂದದ್ದು. ಡೀಸೆಲ್ ಕ್ಯಾಂಪರ್ ವ್ಯಾನ್. ಅಲ್ಲಿ ಯಾರೋ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ರಜೆಯಲ್ಲಿ ಊರೂರು ತಿರುಗಿದ್ದರಂತೆ. ಅದಕ್ಕೇ ಒಳಗೆ ಸಿಂಕು, ಪುಟಾಣಿ ಫ್ರಿಜ್ಜು, ಸೂರಿನಲ್ಲಿ ಫ್ಯಾನು ಎಲ್ಲ ಇದ್ದವು. ಬಾಗಿಲ ಬಳಿ ಒಂದು ಗುಂಡಿ ಒತ್ತಿದರೆ ಮೆಟ್ಟಿಲು ತಾನಾಗಿ ಹೊರಗೆ ಚಾಚಿಕೊಳ್ಳುತ್ತಿತ್ತು.

ಪೂರ್ವಿಯ ಅಪ್ಪ ಶರಣಪ್ಪ ಕೋಲ್ಕತ್ತದ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಆಗ ಊರಿನ ಸೆಕ್ಟರ್ ಫೈವಿನಲ್ಲಿ ವಾರಕ್ಕೊಂದು ಹೊಸ ಕಂಪ್ಯೂಟರ್ ಆಫೀಸು ತೆರೆಯುತ್ತಿತ್ತು. ಆದರೆ ಊರಿನಿಂದ ಎರಡು ಗಂಟೆ ದೂರದ ಕ್ಯಾನಿಂಗ್ ಕಡೆಯ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದರು. ವ್ಯಾನಿನ ಹಾಸಿಗೆ ಬಿಚ್ಚಿ, ಆ ಜಾಗದಲ್ಲಿ ನಾಲ್ಕು ಕಂಪ್ಯೂಟರ್ ಕೂರಿಸಿ, ಆ ಶಾಲೆಗಳ ಬಾಗಿಲಿಗೇ ಕೊಂಡೊಯ್ಯಬೇಕೆಂದು ಅಪ್ಪ ಒಂದು ವರ್ಷದಿಂದ ಓಡಾಡುತ್ತಿದ್ದರು. ಬರುವ ಸೋಮವಾರ ಮೊದಲ ಶಾಲೆ. ದುರ್ಗಾಪೂಜೆಯ ರಜೆಯಿದ್ದರೂ ಮಕ್ಕಳನ್ನು ಸೇರಿಸುತ್ತೇನೆಂದು ಅಲ್ಲಿನ ಹೆಡ್‌ಮಾಸ್ಟರು ಮಾತು ಕೊಟ್ಟಿದ್ದರು.

ಇವತ್ತು ಬುಧವಾರ. ನಿನ್ನೆ ಸಂಜೆ ಕಂಪ್ಯೂಟರ್ ಹಚ್ಚಿ ನೋಡಿದಾಗ ಟಕ್ ಎಂದು ಆರಿದ್ದು, ಮತ್ತೆ ಹತ್ತಿಕೊಂಡು ನಿಂತಿರಲಿಲ್ಲ.

ಪೂಜೆಯ ವಾರದಲ್ಲಿ ಕೋಲ್ಕತ್ತದಲ್ಲಿ ಗಾಡಿ ರಿಪೇರಿಯ ಮಿಸ್ತ್ರಿ ಸಿಗುವುದು ಸುಲಭವಲ್ಲ. ಅಪ್ಪ ಹತ್ತು ಕಡೆ ಫೋನ್ ಮಾಡಿದ ಮೇಲೆ ಮಲ್ಲಿಕ್ ಬಜಾರಿನ ಇದ್ರಿಸ್ ಮಿಸ್ತ್ರಿ ಬರಲು ಒಪ್ಪಿದ್ದರು. ಅವರಿಗೆ ರಂಜಾನ್ ಉಪವಾಸ. ಐದು ಗಂಟೆಯೊಳಗೆ ಮನೆಗೆ ಹೊರಡಬೇಕು ಎಂದು ಮೊದಲೇ ಹೇಳಿದ್ದರು.

ಇದ್ರಿಸ್ ಮಿಸ್ತ್ರಿಗೆ ಒಂದು ಪದ್ಧತಿ ಇತ್ತು. ಗಾಡಿಯನ್ನು ಮುಟ್ಟುವ ಮೊದಲು, ಗಾಡಿಯನ್ನು ಮುಟ್ಟಿದವರನ್ನೆಲ್ಲ ವಿಚಾರಿಸುವುದು. ಯಾರು, ಯಾವತ್ತು, ಏನು ಮಾಡಿದರು ಎಂದು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದುಕೊಳ್ಳುವುದು. ಅವರು ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆಯುವುದನ್ನು ಪೂರ್ವಿ ಬೆಳಿಗ್ಗೆ ಕಣ್ಣು ಮಿಟುಕಿಸದೆ ನೋಡಿದ್ದಳು.

ಮೊದಲು ಅಪ್ಪನನ್ನು ಕೇಳಿದರು. ಹೋದ ವಾರದವರೆಗೆ ಎಲ್ಲ ಸರಿಯಾಗಿತ್ತು, ಒಂದು ತೊಂದರೆಯೂ ಇರಲಿಲ್ಲ ಎಂದರು ಅಪ್ಪ. ಮಿಸ್ತ್ರಿ ಒಂದು ಸಾಲು ಬರೆದರು.

ಆಮೇಲೆ ಡ್ರೈವರ್ ಹಾರಾಧನ್ ಕಾಕುವನ್ನು ಕೇಳಿದರು. ಅವರು ನವಮಿ, ದಶಮಿ ಎರಡು ದಿನ ರಜೆಯಲ್ಲಿದ್ದರು. ಮಂಗಳವಾರ ವ್ಯಾನನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ಕಂಪ್ಯೂಟರುಗಳನ್ನು ತುಂಬಿಸಿದರು. ಬರುವಾಗ ಜೋರು ಮಳೆ. ರಸ್ತೆಯಲ್ಲಿ ನೀರು ನಿಂತಿದೆ ಎಂದು ಗೊತ್ತಾಗಿ ರಾಸಬಿಹಾರಿಯಲ್ಲಿ ಒಂದೂವರೆ ಗಂಟೆ ಕಾದು, ನೀರು ಇಳಿದ ಮೇಲೆ ಟಾಲಿಗಂಜಿನ ಈ ಮನೆಗೆ ಬಂದರು. ಮಿಸ್ತ್ರಿ ಎರಡನೆಯ ಸಾಲು ಬರೆದರು.

"ಔರ್ ಕೋಯಿ?" ಎಂದು ಕೇಳಿದರು. ಬೇರೆ ಯಾರಾದರೂ?

ಪೂರ್ವಿ ಬಾಯಿ ತೆರೆದಳು.

"ಬಸ್, ನಾವಿಬ್ಬರೇ," ಎಂದರು ಅಪ್ಪ.

ಮಿಸ್ತ್ರಿಯ ನೋಟ ಪೂರ್ವಿಯ ತಲೆಯ ಮೇಲಿಂದ ಹಾದು ಅಂಗಳದ ಕಡೆಗೆ ಹೋಯಿತು. ಅವಳು ಬಾಯಿ ಮುಚ್ಚಿದಳು.

ಪೂರ್ವಿ ಮಾಡಿದ್ದು ಇಷ್ಟು.

ಭಾನುವಾರ ನವಮಿ. ಬೀದಿಯ ಪೆಂಡಾಲಿನಲ್ಲಿ ಢಾಕ್ ಎಂಬ ಡೋಲು ಬಾರಿಸುತ್ತಿದ್ದರು. ಇವರ ಮನೆಯಲ್ಲಿ ಖಂಡೇನವಮಿ. ಅಜ್ಜಿ ಇಂದಿರಮ್ಮ ಗದಗಿನಲ್ಲಿ ಹೇಗೆ ಮಾಡುತ್ತಿದ್ದರೋ ಇಲ್ಲಿಯೂ ಹಾಗೆಯೇ ಮಾಡಬೇಕು. ಈಳಿಗೆ, ಚೂರಿ, ಕತ್ತರಿ, ಸ್ಕ್ರೂಡ್ರೈವರ್, ಅಮ್ಮನ ಹೊಲಿಗೆ ಯಂತ್ರ, ಪೂರ್ವಿಯ ಕಂಪಾಸ್ ಬಾಕ್ಸು, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಕೊನೆಗೆ ಎಲ್ಲರೂ ಕೆಳಗಿಳಿದು ವ್ಯಾನಿನ ಮುಂದೆ ಕಾಯಿ ಒಡೆದರು. ಒಳಗಿನ ಪೂಜೆಯನ್ನು ಅಜ್ಜಿ ಪೂರ್ವಿಗೆ ಬಿಟ್ಟರು.

"ಎಲ್ಲಾದಕ್ಕೂ ಹಚ್ಚವಾ ತಂಗಿ, ಒಂದನ್ನೂ ಬಿಡಬ್ಯಾಡ," ಎಂದಿದ್ದರು ಅಜ್ಜಿ. "ವರ್ಷಪೂರ್ತಿ ನಮಗ ದುಡೀತಾವು. ಇವತ್ತೊಂದು ದಿನ ಅವಕ್ಕ ನಾವು ಮಾಡಬೇಕು."

ಪೂರ್ವಿ ಒಂದನ್ನೂ ಬಿಡಲಿಲ್ಲ. ಸ್ಟಿಯರಿಂಗು, ಫ್ಯಾನಿನ ಗುಂಡಿ, ಫ್ರಿಜ್ಜಿನ ಬಾಗಿಲು, ನಲ್ಲಿ. ಸಿಂಕಿನ ಕೆಳಗಿನ ಕಪಾಟು ತೆರೆದಾಗ ಒಂದು ಕಪ್ಪು ಪೆಟ್ಟಿಗೆ ಕಂಡಿತು. ಅದರೊಳಗೆ ಸಾಲಾಗಿ ಎಂಟು ಪುಟ್ಟ ಫ್ಯೂಸುಗಳು. ಕೆಂಪು, ನೀಲಿ, ಹಳದಿ, ಹಸಿರು, ಬಣ್ಣಕ್ಕೆ ಎರಡರಂತೆ, ಪೆಪ್ಪರಮಿಂಟಿನ ಹಾಗೆ ಹೊಳೆಯುತ್ತಿದ್ದವು. ಇವೂ ದುಡಿಯುವವೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಅಷ್ಟು ಒತ್ತಾಗಿ ಕೂತಿದ್ದರಿಂದ ಬೆರಳು ಹೋಗಲಿಲ್ಲ. ಉಗುರು ಸಿಕ್ಕಿಸಿ ಒಂದೊಂದನ್ನೇ ಎಳೆದು ತೆಗೆದಳು. ಕುಂಕುಮ ಪ್ಲಾಸ್ಟಿಕ್ಕಿಗೆ ಅಂಟಲಿ ಎಂದು ಅರಿಸಿನದ ನೀರಿನಲ್ಲಿ ಕಲಸಿ, ಎಂಟಕ್ಕೂ ಬೊಟ್ಟಿಟ್ಟಳು. ಪೇಪರಿನ ಮೇಲೆ ಒಣಗಲು ಹರಡಿದಳು.

ಅಷ್ಟರಲ್ಲಿ ಹೋಳಿಗೆ ತಿನ್ನಲು ಕರೆದರು. ತಿಂದು ಬಂದು ನೋಡಿದರೆ ಯಾವುದು ಎಲ್ಲಿತ್ತು ಎಂದು ನೆನಪಾಗಲಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲಿನ ಚೀಟಿ ಅರ್ಧ ಅಳಿಸಿತ್ತು, ಉಳಿದದ್ದು ಜಪಾನಿ ಅಕ್ಷರ. ಸರಿ, ಚಂದ ಕಾಣುವ ಹಾಗೆ ಇಡೋಣ ಎಂದುಕೊಂಡಳು. ಎರಡು ತುದಿಗೆ ಹಸಿರು, ಅದರ ಪಕ್ಕ ಹಳದಿ, ಆಮೇಲೆ ನೀಲಿ, ನಡುವೆ ಎರಡು ಕೆಂಪು. ಬಾಗಿಲಿಗೆ ಕಟ್ಟಿದ ತೋರಣದ ಹಾಗೆ ಕಂಡಿತು. ಮುಚ್ಚಳ ಹಾಕಿ ಓಡಿಹೋದಳು.

ಇವತ್ತು ಬೆಳಿಗ್ಗೆ ಮಿಸ್ತ್ರಿ ಗಾಡಿ ಮುಟ್ಟಿದವರನ್ನೆಲ್ಲ ವಿಚಾರಿಸುವವರೆಗೂ ಅದು ಅವಳಿಗೆ ಮರೆತೇ ಹೋಗಿತ್ತು.

ಮಿಸ್ತ್ರಿ ಬೆಳಿಗ್ಗೆ ಇನ್ನೊಂದು ವಿಷಯವನ್ನೂ ಕಂಡುಹಿಡಿದಿದ್ದರು. ಫ್ಯೂಸು ಕೂರುವ ಕಿಂಡಿಗಳಲ್ಲಿ ಕಂದುಗೆಂಪು ಪುಡಿ. ಅದನ್ನು ಬೆರಳಿಗೆ ಹತ್ತಿಸಿಕೊಂಡು ಅಪ್ಪನಿಗೆ ತೋರಿಸಿದರು. ಜಂಗ್ ಇರಬಹುದು, ಎಂದರು. ತುಕ್ಕು. ನೀರು ಒಳಗೆ ಬಂದಿದ್ದರೆ ತಂತಿಗಳು ಎಲ್ಲೋ ಒಂದಕ್ಕೊಂದು ತಾಗುತ್ತಿರಬಹುದು. ಅದಕ್ಕೇ ಫ್ಯೂಸು ಹಾಕಿದ ಹಾಗೆಲ್ಲ ಸುಡುತ್ತಿರಬಹುದು. ಇರಬಹುದು ಎಂದೇ ಅವರು ಹೇಳಿದ್ದು, ಎರಡು ಸಲ.

ಅಪ್ಪನಿಗೆ ಆ "ಇರಬಹುದು" ಕೇಳಿಸಲಿಲ್ಲ. ಅವರು ಹಾರಾಧನ್ ಕಾಕುವಿನ ಕಡೆ ತಿರುಗಿದ್ದರು.

"ನೀರಿನಲ್ಲಿ ಇಳಿಸಿದಿರಿ, ಅಲ್ಲವೇ?"

"ಇಲ್ಲ ಸರ್. ಮಾ ಕಾಲಿಯ ಆಣೆ. ರಾಸಬಿಹಾರಿಯಲ್ಲಿ ಕಾದೆ."

ಅಪ್ಪ ಕೂಗಾಡಲಿಲ್ಲ. ಅಪ್ಪ ಎಂದೂ ಕೂಗಾಡುವುದಿಲ್ಲ. ನೀವು ಮನೆಗೆ ಹೋಗಿ, ಮನೆಯಲ್ಲಿರುವ ಇನ್ನೊಂದು ಕೀಲಿಯನ್ನು ಮಧ್ಯಾಹ್ನ ತಂದುಕೊಡಿ ಎಂದರು. ಕಾಕು ಏನೋ ಹೇಳಲು ಹೋಗಿ, ಬಿಟ್ಟು, ಸೈಕಲ್ ಹತ್ತಿ ಹೋದರು.

ಸ್ಟಿಯರಿಂಗಿನ ಮೇಲಿನ ಬೊಟ್ಟು ಎಲ್ಲರಿಗೂ ಕಾಣುತ್ತಿತ್ತು. ಸಿಂಕಿನ ಕೆಳಗೆ, ಕತ್ತಲಲ್ಲಿ, ಫ್ಯೂಸಿಗೂ ಬೊಟ್ಟು ಇರಬಹುದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅಜ್ಜಿಗೆ ಎಲ್ಲ ಹೇಳಿದರು. ಡಿಪಾರ್ಟ್‌ಮೆಂಟಿಗೆ ಬರೆದು ಬೇರೆ ಡ್ರೈವರನ್ನು ಕೇಳುತ್ತೇನೆ, ಸೋಮವಾರದೊಳಗೆ ಬೇಕು ಎಂದರು.

"ನೀರಾಗ ಹೋಗಿಲ್ಲಂತ ಅಂವಾ ಆಣಿ ಮಾಡಿ ಹೇಳ್ಯಾನಲ್ಲೋ," ಎಂದರು ಅಜ್ಜಿ.

"ಹಂಗಾರ ತುಕ್ಕು ಎಲ್ಲಿಂದ ಬಂತಬೇ? ನೀರಿಗಿಂತ ಸುಳ್ಳು ಹೇಳಿದ್ದ ನನಗ ಹೆಚ್ಚು ಬ್ಯಾಸರ ಆಗೇತಿ."

ಪೂರ್ವಿ ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದಳು. ಹಾರಾಧನ್ ಕಾಕು ಅವಳನ್ನು "ಪೂರ್ಬಿ ದಿದಿಮಣಿ", ಪೂರ್ವಿ ಅಕ್ಕಾವರು, ಎಂದು ಕರೆಯುತ್ತಿದ್ದರು. ಮೆಟ್ಟಿಲಿನ ಗುಂಡಿಯನ್ನು ಅವಳ ಹೊರತು ಬೇರೆ ಯಾವ ಮಗುವೂ ಒತ್ತುವಂತಿರಲಿಲ್ಲ. ವ್ಯಾನು ಬಂದ ಮೂರು ತಿಂಗಳಲ್ಲಿ ಅದರ ಒಂದೊಂದು ಗುಂಡಿ ಏನು ಮಾಡುತ್ತದೆ ಎಂದು ಒತ್ತಿ ಒತ್ತಿ ಕಲಿತವರು ಅವರು. ಈಗ ಬೇರೆ ಯಾರೋ ಬರುತ್ತಾರೆ.

ನಿಜವಾಗಿಯೂ ನೀರೇ ಬಂದಿರಬಹುದಲ್ಲ, ಎಂದು ಅವಳು ಯೋಚಿಸಿದಳು. ತುಕ್ಕೂ ಇರಬಹುದು, ಕುಂಕುಮವೂ ಇರಬಹುದು. ಫ್ಯೂಸು ಎಲ್ಲಿದ್ದರೆ ಏನು, ಎಲ್ಲವೂ ಒಂದೇ ಗಾತ್ರ ತಾನೆ? ಹಾಗಿದ್ದರೆ ಎಷ್ಟು ಚೆನ್ನ. ಹಾಗೆಯೇ ಇರಲಿ ಎಂದು ಅವಳು ಮಜ್ಜಿಗೆ ಕುಡಿದು ಮುಗಿಸುವವರೆಗೂ ಬೇಡಿಕೊಂಡಳು.

ಕೆಳಗೆ ಹೋಗಿ ನೋಡಿದರೆ ಮಿಸ್ತ್ರಿ ವ್ಯಾನಿನ ಸೂರಿನ ಮೂರು ಹಲಗೆಗಳನ್ನು ಬಿಚ್ಚಿ ಇಳಿಸಿದ್ದರು. ಒಳಗಿನ ತಂತಿಗಳು ಕರುಳಿನ ಹಾಗೆ ಜೋತಾಡುತ್ತಿದ್ದವು. ಅವರು ಒಂದೊಂದನ್ನೇ ಬೆರಳಲ್ಲಿ ಸವರುತ್ತ, ಎಲ್ಲಿ ಸಿಪ್ಪೆ ಕಿತ್ತಿದೆ ಎಂದು ಹುಡುಕುತ್ತಿದ್ದರು. ಬಾಯಾರಿ ತುಟಿ ಬೆಳ್ಳಗಾಗಿತ್ತು.

ಫ್ಯೂಸ್ ಏನು ಮಾಡುತ್ತದೆ ಎಂದು ಪೂರ್ವಿ ಕೇಳಿದಳು.

ಅವರು ತಂತಿ ಬಿಟ್ಟು ಕೂತರು. ಮಕ್ಕಳು ಏನಾದರೂ ಕೇಳಿದರೆ ಅವರು ಕೂತೇ ಉತ್ತರ ಹೇಳುತ್ತಿದ್ದರೆಂದು ತೋರುತ್ತದೆ. ತಂತಿಯಲ್ಲಿ ಅದರ ಶಕ್ತಿಗಿಂತ ಹೆಚ್ಚು ಕರೆಂಟು ಹರಿದರೆ ತಂತಿ ಕಾದು ಗಾಡಿಗೆ ಬೆಂಕಿ ಹತ್ತುತ್ತದೆ. ಹಾಗಾಗುವ ಮೊದಲೇ ಫ್ಯೂಸು ತಾನು ಕರಗಿ ದಾರಿ ಕಡಿಯುತ್ತದೆ. ಕೆಂಪು ಅಂದರೆ ಹತ್ತು ಆಂಪಿಯರ್, ಸಣ್ಣ ಕೆಲಸಕ್ಕೆ. ನೀಲಿ ಹದಿನೈದು, ಹಳದಿ ಇಪ್ಪತ್ತು. ಹಸಿರು ಮೂವತ್ತು, ದೊಡ್ಡ ಕೆಲಸಕ್ಕೆ. ಹೀಗೆ ಹೇಳಿದರು.

"ದೊಡ್ಡ ಕೆಲಸದ ಜಾಗದಲ್ಲಿ ಕೆಂಪು ಕೂತರೆ?"

"ಗಾಡಿಯಲ್ಲಿ ಯಾವ ದೋಷ ಇಲ್ಲದಿದ್ದರೂ ಸುಡುತ್ತೆ. ನೂರು ಸಲ ಹಾಕಿದರೆ ನೂರು ಸಲ." ಅವರು ಅವಳ ಮುಖ ನೋಡಿದರು. "ಯಾಕೆ ಕೇಳಿದೆ?"

"ಸುಮ್ಮನೆ," ಎಂದಳು ಪೂರ್ವಿ.

ಮಿಸ್ತ್ರಿ ಮತ್ತೆ ಎದ್ದು ನಾಲ್ಕನೆಯ ಹಲಗೆಗೆ ಸ್ಕ್ರೂಡ್ರೈವರ್ ಇಟ್ಟರು. ಅಲ್ಲಿ ಏನೂ ಸಿಗುವುದಿಲ್ಲ ಎಂದು ಆ ಇಡೀ ಅಂಗಳದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ನಾಲ್ಕು ಸ್ಕ್ರೂ. ಅವರು ಒಂದು, ಎರಡು ಬಿಚ್ಚಿದರು. ಪೂರ್ವಿ ಹೇಳಬೇಕೆಂದುಕೊಂಡಳು. ಮೂರನೆಯದಕ್ಕೆ ಹೇಳುತ್ತೇನೆ ಎಂದುಕೊಂಡಳು, ಆಮೇಲೆ ನಾಲ್ಕನೆಯದಕ್ಕೆ. ಹಲಗೆ ಕೆಳಗಿಳಿಯಿತು.

ಆಗ ಸೈಕಲ್ಲಿನ ಗಂಟೆ ಕೇಳಿಸಿತು.

ಹಾರಾಧನ್ ಕಾಕು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಸಂದೇಶ್ ಮಿಠಾಯಿಯ ಪೊಟ್ಟಣ. ಬಿಜೊಯಾ ಅಲ್ಲವೇ, ದಸರೆಯ ಮರುದಿನಗಳಲ್ಲಿ ಬರಿಗೈಯಲ್ಲಿ ಯಾರ ಮನೆಗೂ ಹೋಗುವಂತಿಲ್ಲ. ಕೆಲಸ ಕಳೆದುಕೊಳ್ಳಲು ಹೋಗುವಾಗಲೂ ಇಲ್ಲ. ಅಪ್ಪ ಮಹಡಿಯಿಂದ ಇಳಿದು ಬಂದರು. ಕಾಕು ಪೊಟ್ಟಣವನ್ನು ಅವರ ಕೈಗೆ ಕೊಟ್ಟು, ಶುಭೊ ಬಿಜೊಯಾ ಎಂದರು. ಅಪ್ಪನೂ ಹಾಗೆಯೇ ಹೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಕಾಕು ಕೀಲಿ ಚಾಚಿದರು.

"ಅಪ್ಪಾ, ಕೀ ತಗೋಬ್ಯಾಡ್ರಿ," ಎಂದಳು ಪೂರ್ವಿ.

ಅಪ್ಪ ತಿರುಗಿದರು.

"ಅದು ತುಕ್ಕು ಅಲ್ಲ. ಕುಂಕುಮ. ನಾನ ಹಚ್ಚೀನಿ. ನವಮಿ ದಿನ ಫ್ಯೂಸ್ ಎಲ್ಲಾ ತಗದು, ಬೊಟ್ಟಿಟ್ಟು, ವಾಪಸ್ ಹಾಕೀನಿ. ಆರ್ಡರ್ ಮರ್ತುಬಿಟ್ಟೆ. ಡಿಸೈನ್ ಮಾಡಿ ಇಟ್ಟೆ."

ಕಾಕು ಅಪ್ಪನನ್ನೂ ಅವಳನ್ನೂ ನೋಡುತ್ತ ಕೀಲಿ ಹಿಡಿದೇ ನಿಂತಿದ್ದರು. ಮಿಸ್ತ್ರಿ ಬಾಗಿಲಲ್ಲಿ ತಲೆ ಹಾಕಿದರು. ಅವಳು ಹೇಳಿದ್ದು ಕನ್ನಡದಲ್ಲಿ. ಅವರಿಬ್ಬರಿಗೂ ಒಂದಕ್ಷರ ತಿಳಿದಿರಲಿಲ್ಲ.

ಅಪ್ಪ ಹೇಳಿಬಿಡಲಿ ಎಂದು ಪೂರ್ವಿ ಕಾದಳು. ಅಪ್ಪ ಹೇಳಲಿಲ್ಲ. ಅವಳು ಇನ್ನೊಮ್ಮೆ ಮೊದಲಿನಿಂದ, ಹಿಂದಿಯಲ್ಲಿ, ಕಾಕುವಿನ ಚಪ್ಪಲಿ ನೋಡುತ್ತ ಎಲ್ಲ ಹೇಳಿದಳು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು. ಕೊನೆಗೆ, ಕಾಕು ನೀರಿನಲ್ಲಿ ಹೋಗಿಲ್ಲ, ಎಂದಳು.

"ಬೆಳಿಗ್ಗೆನ ಯಾಕ ಹೇಳಲಿಲ್ಲವಾ?" ಅಪ್ಪನ ದನಿ ಸಣ್ಣಗಿತ್ತು.

"ಹೇಳಬೇಕಂತ ಬಾಯಿ ತಗದೆ," ಎಂದಳು ಪೂರ್ವಿ. "ಆಮ್ಯಾಲ ಲೇಟಾಯ್ತು."

ಇದ್ರಿಸ್ ಮಿಸ್ತ್ರಿ ಬೆರಳನ್ನು ಮೂಗಿನ ಬಳಿ ಹಿಡಿದು ಮೂಸಿದರು. "ಹಲ್ದಿ," ಎಂದರು. ಅರಿಸಿನ. ಆಮೇಲೆ ಜೇಬಿನಿಂದ ಚಾಕ್‌ಪೀಸು ತೆಗೆದು ನೆಲದ ಬಳಿ ಕೂತು, ಅವಳ ಹೆಸರು ಕೇಳಿದರು. ಬೆಳಿಗ್ಗೆಯಿಂದ ಬೇಟಿ ಎನ್ನುತ್ತಿದ್ದವರಿಗೆ ಹೆಸರು ಗೊತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಅದನ್ನು ಬರೆದು, ಯಾವತ್ತು, ಎಷ್ಟು ಹೊತ್ತಿಗೆ, ಯಾವುದರಲ್ಲಿ ಕಲಸಿದ್ದು, ಎಲ್ಲ ಕೇಳಿಕೊಂಡರು. ಅಪ್ಪನಿಗೂ ಕಾಕುವಿಗೂ ಹೇಗೆ ಕೇಳಿದ್ದರೋ ಹಾಗೆಯೇ.

"ಬಣ್ಣಗಳು ಅಷ್ಟು ಸಾಲಾಗಿ ಕೂತದ್ದನ್ನು ನಾನೂ ನೋಡಿದೆ," ಎಂದರು. "ಜಪಾನಿನವರು ಅಚ್ಚುಕಟ್ಟು ಜನ ಅಂದುಕೊಂಡೆ."

ಹಾರಾಧನ್ ಕಾಕು ಮೊದಲು ನಕ್ಕರು. ಹೋದ ತಿಂಗಳು ವಿಶ್ವಕರ್ಮ ಪೂಜೆಯ ದಿನ ತಾವೇ ಗಾಡಿಗೆ ಹಾರ ಹಾಕಿಸಿದ್ದರಂತೆ. ಹದಿನೈದು ದಿನದಲ್ಲಿ ಎರಡು ಪೂಜೆಯಾದರೆ ಯಾವ ಗಾಡಿಯ ತಲೆಯಾದರೂ ತಿರುಗುತ್ತದೆ ಎಂದರು. ಪೂರ್ವಿಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಕಾಕು ಅದನ್ನು ನೋಡದವರ ಹಾಗೆ ಬಾಗಿ ಸೈಕಲ್ಲಿನ ಸ್ಟ್ಯಾಂಡು ಸರಿಮಾಡಿದರು.

ಯಾವ ಫ್ಯೂಸು ಎಲ್ಲಿಯದು ಎಂದು ಈಗ ಹೇಗೆ ತಿಳಿಯುವುದು? ತಂತಿಯೇ ಹೇಳುತ್ತದೆ ಎಂದರು ಮಿಸ್ತ್ರಿ. ಪೆಟ್ಟಿಗೆಯನ್ನು ಬಿಚ್ಚಿ ಹಿಂಬದಿ ತಿರುಗಿಸಿದರು. ದಪ್ಪ ತಂತಿಯ ಕಿಂಡಿಗೆ ದೊಡ್ಡದು, ತೆಳು ತಂತಿಯ ಕಿಂಡಿಗೆ ಚಿಕ್ಕದು. ಪೂರ್ವಿ ಉಳಿದ ಏಳನ್ನೂ ಒರೆಸಿ, ಕಿಂಡಿಗಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿದಳು. ಸುಟ್ಟದ್ದರ ಬದಲು ಮಿಸ್ತ್ರಿ ಡಬ್ಬಿಯಿಂದ ಹೊಸದು ಕೊಟ್ಟರು. ಅವರು ತಂತಿಯನ್ನು ಬೆರಳಲ್ಲಿ ಅಳೆದು ಬಣ್ಣ ಹೇಳಿದ ಹಾಗೆ ಅವಳು ಕೊಡುತ್ತಾ ಹೋದಳು. ಕಂಪ್ಯೂಟರುಗಳ ತಂತಿ ಅವಳ ಕಿರುಬೆರಳಷ್ಟು ದಪ್ಪ ಇತ್ತು. ಅದು ನಡುವಿನ ಕಿಂಡಿ, ಅವಳು ಕೆಂಪು ಇಟ್ಟಿದ್ದ ಜಾಗ. ಅಲ್ಲಿಗೆ ಹಸಿರು ಹೋಯಿತು.

ಮುಂದಿನ ವರ್ಷ ಮುಚ್ಚಳಕ್ಕೆ ಒಂದು ಬೊಟ್ಟಿಡು, ಒಳಗಿನವರಿಗೆ ತಲುಪುತ್ತೆ, ಎಂದರು ಮಿಸ್ತ್ರಿ. ಯಾರನ್ನೂ ಕೇಳದೆ ಫ್ಯೂಸು ಎಳೆಯಬೇಡ, ಎಂದೂ ಸೇರಿಸಿದರು. ಇದನ್ನು ಹೇಳುವಾಗ ನಗಲಿಲ್ಲ.

ಕಾಕು ಮುಂದೆ ಕೂತು ಎಂಜಿನ್ ಶುರು ಮಾಡಿದರು. ಸೂರಿನ ದೀಪ ಹತ್ತಿತು. ಫ್ಯಾನು ತಿರುಗಿತು. ಅಪ್ಪ ಒಂದೊಂದಾಗಿ ಕಂಪ್ಯೂಟರ್ ಹಚ್ಚಿದರು. ಒಂದು, ಎರಡು, ಮೂರು, ನಾಲ್ಕು. ಟಕ್ ಎನ್ನಲಿಲ್ಲ. ಎಲ್ಲರೂ ಉಸಿರು ಬಿಟ್ಟರು.

ಆಗ ಸೂರಿನ ದೀಪ ಮಂಕಾಯಿತು. ಮಂಕಾಗಿ, ಮಿಣುಕಿ, ಮತ್ತೆ ಮಂಕಾಯಿತು. ಕಂಪ್ಯೂಟರಿನ ಪರದೆಗಳು ಅಲೆಯ ಹಾಗೆ ತೂಗಾಡಿದವು.

ಇನ್ನೂ ಏನು ಮಾಡಿದ್ದೆ ಎಂದು ಪೂರ್ವಿ ನವಮಿಯ ದಿನವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದಳು.

ಇದು ಯಾರು ಮಾಡಿದ್ದು ಎಂಬಂತೆ ಅಪ್ಪನೂ ಸುತ್ತ ನೋಡಿದರು.

"ಇದು ಪೂಜೆಗೆ ಮೊದಲೂ ಆಗುತ್ತಿತ್ತು ಸರ್," ಎಂದರು ಕಾಕು, ಮುಂದಿನ ಸೀಟಿನಿಂದ, ಮೆಲ್ಲಗೆ. "ಫ್ರಿಜ್ಜು ಹಚ್ಚಿದರೆ ದೀಪ ಮಂಕಾಗುತ್ತೆ ಅಂತ ಎರಡು ಸಲ ಹೇಳಿದ್ದೆ. ಹಳೆಯ ಗಾಡಿ, ಇರುತ್ತೆ ಬಿಡಿ, ಅಂದಿರಿ."

ಅಪ್ಪನ ಕಿವಿ ಕೆಂಪಾಯಿತು. ಅಪ್ಪನ ಕಿವಿ ಕೆಂಪಾದದ್ದನ್ನು ಪೂರ್ವಿ ಅದಕ್ಕೆ ಮೊದಲು ನೋಡಿರಲಿಲ್ಲ.

ಮಿಸ್ತ್ರಿ ನೆಲದ ಮೇಲಿನ ಮೊದಲ ಸಾಲನ್ನು ನೋಡಿದರು. ಹೋದ ವಾರದವರೆಗೆ ಎಲ್ಲ ಸರಿಯಾಗಿತ್ತು ಎಂದು ಬರೆದ ಸಾಲು. ಬಟ್ಟೆಯಿಂದ ಅದನ್ನು ಒರೆಸಿ, ಆ ಜಾಗದಲ್ಲಿ ಬೇರೆ ಬರೆದರು. ಹಾಗಾದರೆ ಇದು ಎರಡನೆಯ ರೋಗ, ಮೊದಲಿನದರ ಹಿಂದೆ ಅಡಗಿ ಕೂತಿತ್ತು, ಎಂದು ಗೊಣಗಿಕೊಂಡು ಹಿಂದಿನ ಸೀಟನ್ನು ಎತ್ತಿದರು.

ಹತ್ತೇ ನಿಮಿಷ ಹಿಡಿಯಿತು. ಹಿಂದಿನ ಬ್ಯಾಟರಿಯಿಂದ ಹೊರಟ ಕಪ್ಪು ತಂತಿ ಗಾಡಿಯ ಮೈಗೆ ಒಂದು ಬೋಲ್ಟಿನಿಂದ ಕಟ್ಟಿತ್ತು. ಹರಿದ ಕರೆಂಟು ಬ್ಯಾಟರಿಗೆ ಮರಳುವ ದಾರಿ ಅದು. ಬೋಲ್ಟಿನ ಕೆಳಗೆ ಯಾರೋ ಬಣ್ಣ ಬಳಿದಿದ್ದರು, ಬೋಲ್ಟೂ ಸಡಿಲ. ಮಿಸ್ತ್ರಿ ಅದನ್ನು ಬರಿಯ ಬೆರಳಿನಿಂದ ತಿರುಗಿಸಿ ತೋರಿಸಿದರು. ಬಣ್ಣವನ್ನು ಉಜ್ಜಿ ತೆಗೆದು, ಲೋಹ ಹೊಳೆಯುವ ಹಾಗೆ ಮಾಡಿ, ಬಿಗಿದರು. ಈ ಸಲ ನಾಲ್ಕು ಕಂಪ್ಯೂಟರ್, ಫ್ರಿಜ್ಜು, ಫ್ಯಾನು ಎಲ್ಲ ಹಚ್ಚಿದರೂ ದೀಪ ಅಲುಗಲಿಲ್ಲ.

ಬಿಚ್ಚಿದ ಹಲಗೆಗಳನ್ನು ಎಲ್ಲರೂ ಸೇರಿ ಏರಿಸಿದರು. ಗಂಟೆ ನಾಲ್ಕೂವರೆ ಆಗಿತ್ತು. ಅಜ್ಜಿ ಮಿಸ್ತ್ರಿಗೆಂದು ಕಡಲೆ ಉಸುಳಿಯನ್ನೂ ನಾಲ್ಕು ಬಾಳೆಹಣ್ಣನ್ನೂ ಡಬ್ಬಿಯಲ್ಲಿ ಹಾಕಿ, ಹಗ್ಗ ಕಟ್ಟಿ, ಬಾಲ್ಕನಿಯಿಂದ ಇಳಿಬಿಟ್ಟರು. ಉಪವಾಸ ಬಿಡುವಾಗ ತಿನ್ನಲಿ ಎಂದು. ಮಿಸ್ತ್ರಿ ಮೇಲೆ ನೋಡಿ ಹಣೆಗೆ ಕೈ ಮುಟ್ಟಿಸಿದರು. ಡಬ್ಬಿಯನ್ನು ಸ್ಕೂಟರಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟುಹೋದರು.

ಪೂರ್ವಿಯನ್ನು ಕೈಕಾಲು ತೊಳೆಯಲು ಮೇಲೆ ಕಳಿಸಿದರು. ತೊಳೆದುಕೊಂಡು ಅವಳು ಬಾಲ್ಕನಿಗೆ ಬಂದು ನಿಂತಳು.

ಕೆಳಗೆ ಹಾರಾಧನ್ ಕಾಕು ವ್ಯಾನಿನ ನೆಲದ ಚಾಪೆಗಳನ್ನು ಹೊರಗೆ ಹಾಕಿ ಕೊಡವುತ್ತಿದ್ದರು. ಕೆಲಸ ಉಳಿದಿದೆಯೋ ಇಲ್ಲವೋ ಎಂದು ಅವರನ್ನು ಕರೆದು ಯಾರೂ ಹೇಳಿರಲಿಲ್ಲ. ಚಾಪೆ ಕೊಳೆಯಾಗಿತ್ತು, ಕೊಡವುತ್ತಿದ್ದರು. ಅಪ್ಪ ನಾಲ್ಕು ಹೆಜ್ಜೆ ದೂರದಲ್ಲಿ, ಕಾಕು ತಂದಿದ್ದ ಕೀಲಿ ಹಿಡಿದು ನಿಂತಿದ್ದರು. ಒಂದು ಹೆಜ್ಜೆ ಮುಂದೆ ಹೋದರು. ಗಂಟಲು ಸರಿಮಾಡಿಕೊಂಡರು. ಚಕ್ರದ ಕಡೆ ನೋಡಿದರು. ಆಕಾಶ ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿದರು. ಕಾಕು ಮೊದಲನೆಯ ಚಾಪೆ ಮುಗಿಸಿ ಎರಡನೆಯದನ್ನು ಎತ್ತಿಕೊಂಡರು.

ಪೂರ್ವಿಗೆ ಅದು ಏನೆಂದು ಗೊತ್ತಿತ್ತು. ಎರಡನೆಯ ಚಾಪೆ ಮುಗಿಯಲಿ ಎಂದುಕೊಳ್ಳುತ್ತಿದ್ದಾರೆ ಅಪ್ಪ. ಆಮೇಲೆ ಮೂರನೆಯದು ಎಂದುಕೊಳ್ಳುತ್ತಾರೆ.

ಒಳಗಿನಿಂದ ಅಜ್ಜಿ ಚಹಾದ ಲೋಟ ಹಿಡಿದು ಬಂದರು. "ಅಪ್ಪ ಅಲ್ಲೇನ ಮಾಡಾಕತ್ತಾನ? ಕರಿ, ಚಹಾ ಆರತೈತಿ," ಎಂದು ಕಂಬಿಯಿಂದ ಬಗ್ಗಿ ಕೂಗಲು ಹೋದರು.

ಪೂರ್ವಿ ಅಜ್ಜಿಯ ಸೆರಗು ಹಿಡಿದು ಹಿಂದಕ್ಕೆ ಎಳೆದಳು.

"ತಡಿ ಅಜ್ಜಿ," ಎಂದಳು. "ಮಾತಾಡಾಕತ್ತಾರ."

ಅಪ್ಪ ಇನ್ನೂ ಒಂದು ಮಾತೂ ಆಡಿರಲಿಲ್ಲ.